ಗಡಿಯಲ್ಲಿ ಇಳಿಸಿದ ಉಡಿಯಕ್ಕಿ

ಸಿರುಗುಪ್ಪ
ಗುರುವಾರ, ೨-೩-೧೯೬೭

ಪ್ರೀತಿಯ ತಂಗಿ ಶಿವಬಸಮ್ಮನಿಗೆ ಅಣ್ಣ ಕೊಟ್ರಬಸಪ್ಪನ ಆಶೀರ್ವಾದಗಳು.

ಹೇಗಿದ್ದೀಯವ್ವಾ? ಕಾಲು ಬಾತುಕೊಂಡಿವೆ ಎಂದು ನಿನ್ನ ಯಜಮಾನರಿಂದ ತಿಳಿಯಿತು. ಏಳು ತಿಂಗಳ ಬಸುರಿ ಬಾವಿಯ ನೀರು ಸೇದಬಾರದು, ಹೊತ್ತಿಗೆ ಸರಿಯಾಗಿ ಉಣ್ಣಬೇಕು ಎಂದು ನಿನ್ನ ಅತ್ತಿಗೆ ವೀರಭದ್ರಮ್ಮ ಪಕ್ಕದಲ್ಲಿ ನಿಂತು ಬರೆಸುತ್ತಿದ್ದಾಳೆ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಆ ಸಾಲು ಬಿಟ್ಟಿದ್ದೇನೆ. ಅಪ್ಪ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಾನೆ. ಅವ್ವನ ವಿಷಯ ಕೊನೆಗೆ ಬರೆಯುತ್ತೇನೆ. ಕಾಗದ ಯಾವುದೇ ಇರಲಿ, ಕೊನೆಯಿಂದ ಓದುವುದು ನಿನ್ನ ಚಾಳಿ. ಇದನ್ನು ಮಾತ್ರ ಮೊದಲಿನಿಂದ ಓದು, ನಿಂತುಕೊಂಡು ಓದಬೇಡ, ನಿಮ್ಮ ಅತ್ತೆಯವರನ್ನು ಹತ್ತಿರ ಕೂರಿಸಿಕೋ. ನಿನಗೆ ಕೈ ಮುಗಿಯುತ್ತೇನೆ.

ಡಿಸೆಂಬರಿನಲ್ಲಿ ನೀನು ಆದವಾನಿಯಿಂದ ಬರೆದ ಕಾಗದ ಇನ್ನೂ ನನ್ನ ಹೊಲಿಗೆ ಮಷೀನಿನ ಡ್ರಾದಲ್ಲಿದೆ. ‘ನಿನ್ನ ಕಾನೂನಿಗೇ ಹೇಳಣ್ಣ, ಅದ ಬಂದು ನನ್ನ ಉಡಿ ತುಂಬಲಿ’ ಎಂದು ಬರೆದಿದ್ದೆ. ಅದಾದ ಮೇಲೆ ಒಂದಕ್ಷರ ಇಲ್ಲ. ಸಿಟ್ಟು ಬರದೆ ಏನು? ಐದನೆಯ ತಿಂಗಳ ಕುಬುಸದ ಶಾಸ್ತ್ರಕ್ಕೆ ಹಸಿರು ಬಳೆ ತೊಟ್ಟು ಬಾಗಿಲಲ್ಲಿ ಕಾದವಳು ನೀನು. ತವರಿನ ಅಕ್ಕಿಯಿಂದ ಉಡಿ ತುಂಬದೆ ನಿನ್ನನ್ನು ಹೆರಿಗೆಗೆ ಕರೆತರುವ ಹಾಗೂ ಇಲ್ಲ. ಆ ದಿನ ನಾವು ಬರಲೇ ಇಲ್ಲ. ಚೆಕ್‌ಪೋಸ್ಟಿನಲ್ಲಿ ನಾನೇ ಕಾನೂನು ಮಾತಾಡಿ ಅಕ್ಕಿ ಇಳಿಸಿಕೊಟ್ಟೆ ಎಂದು ನೀನು ತಿಳಿದಿದ್ದೀಯಂತೆ. ನನ್ನ ಬಾಯಿ ಗೊತ್ತಿದ್ದವರು ಯಾರಾದರೂ ಹಾಗೇ ತಿಳಿಯುತ್ತಾರೆ. ಆದರೆ ನಡೆದದ್ದು ಬೇರೆ.

ಅದು ರಾರಾವಿಯ ನಮ್ಮ ಗದ್ದೆಯ ಅಕ್ಕಿ. ಅವ್ವ ಕಲ್ಲು ಆರಿಸಿ, ಕುಂಕುಮ ಹಚ್ಚಿ, ಕೊಬ್ಬರಿ ಉತ್ತತ್ತಿ ಸೇರಿಸಿ ಹೊಸ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡಿದ್ದಳು. ನಾವಿಬ್ಬರೂ ಹತ್ತಿದ್ದ ಬಸ್ಸು ಆಂಧ್ರದ ಗಡಿಯಲ್ಲಿ ನಿಂತಿತು. ಅಕ್ಕಿ ಆಚೆ ಹೋಗಬಾರದು ಎಂಬ ಕಾನೂನು ನಿನಗೆ ಗೊತ್ತೇ ಇದೆ. ಚೆಕ್‌ಪೋಸ್ಟಿನ ಗುಮಾಸ್ತ ಬಾಗಿಲಲ್ಲಿ ತಲೆ ಹಾಕಿ, ‘ಯಾರ ಹತ್ರಾದ್ರು ಅಕ್ಕಿ ಐತೇನ್ರಿ?’ ಎಂದು ಶಾಸ್ತ್ರಕ್ಕೆ ಕೇಳಿದ. ಸೀಟಿನ ಕೆಳಗೆ ಮೂಟೆ ಒತ್ತಿಕೊಂಡವರೆಲ್ಲ ಕಿಟಕಿಯಾಚೆ ನೋಡುತ್ತ ಕೂತರು. ಅವನು ಆಗಲೇ ತಿರುಗಿ ಇಳಿಯುತ್ತಿದ್ದ. ಅಷ್ಟರಲ್ಲಿ ಅವ್ವ ಎದ್ದು ನಿಂತು, ‘ನಮ್ಮ ಹತ್ರ ಐತೆಪ್ಪ, ಮಗಳ ಉಡಿಯಕ್ಕಿ’ ಅಂದಳು. ಖರೆ ಹೇಳಿದವರನ್ನು ಯಾರು ಇಳಿಸುತ್ತಾರೆ ಎಂಬುದು ಅವಳ ನಂಬಿಕೆ. ಗುಮಾಸ್ತನ ಮುಖ ಸಣ್ಣದಾಯಿತು. ‘ಸುಮ್ಮನ ಕುಂದ್ರಬಾರದೇನವ್ವಾ’ ಎಂದು ಮೆಲ್ಲಗೆ ಅಂದ. ಬಸ್ಸಿನವರೆಲ್ಲ ಕೇಳಿಸಿಕೊಂಡಿದ್ದರು, ಅವನಾದರೂ ಏನು ಮಾಡಿಯಾನು? ಗಂಟು ಇಳಿಸಿದ.

ಗಂಟಿನ ಹಿಂದೆ ಅವ್ವನೂ ಇಳಿದಳು. ಬಸುರಿ ಮಗಳ ಮನೆಗೆ ಬರಿಗೈಯಲ್ಲಿ ಹೋಗಬಾರದು, ಕುಂಕುಮ ಹಚ್ಚಿ ಹೊಸ್ತಿಲು ದಾಟಿಸಿದ ಅಕ್ಕಿಯನ್ನು ವಾಪಸು ತರಲೂಬಾರದು. ‘ಬರಕೋಪ್ಪ, ರೇಶನ್ ಅಂಗಡಿಗೆ ಹೋಗ್ಲಿ. ಯಾರರ ಬಸುರಿ ಉಣ್ಲಿ’ ಎಂದು ಅಲ್ಲೇ ಬಿಟ್ಟು, ರಸ್ತೆಯ ಈಚೆ ಬದಿಗೆ ಬಂದು ಸಿರುಗುಪ್ಪದ ಬಸ್ಸಿಗೆ ಕಾದಳು.

ಕಾನೂನು ತಪ್ಪೇ ಎಂದು ನೀನು ಕೇಳಿದರೆ ಈಗಲೂ ತಪ್ಪಲ್ಲ ಎನ್ನುತ್ತೇನೆ, ಬೈದುಕೋ. ಕಾಲುವೆ ಬಂದು ನಮ್ಮ ತಾಲೂಕಿನ ತುಂಬ ಭತ್ತವಾಯಿತು, ಭತ್ತದ ಹಿಂದೆ ಗಿರಣಿಗಳು ಬಂದವು. ಆದರೂ ಕೂಲಿಯ ದುರುಗಮ್ಮನಂಥವರು ಹಗಲೆಲ್ಲ ನಾಟಿ ಹಾಕಿ, ಸಂಜೆ ರೇಶನ್ ಅಂಗಡಿಯ ಮುಂದೆ ನುಚ್ಚಿಗೆ ನಿಲ್ಲುತ್ತಾರೆ. ಹೆಚ್ಚು ಬೆಲೆ ಸಿಕ್ಕ ಕಡೆಗೆ ಲಾರಿ ಹರಿದರೆ ಬೆಳೆದ ಊರಿಗೆ ಏನುಳಿಯಬೇಕು? ಇದನ್ನೇ ನಾನು ಅಂಗಡಿಯಲ್ಲಿ ಕತ್ತರಿ ಆಡಿಸುತ್ತ ಬಂದವರಿಗೆಲ್ಲ ಹೇಳುತ್ತಿದ್ದೆ. ಗಿರಾಕಿಗಳು ಅರ್ಧ ಕೇಳಿ ಎದ್ದು ಹೋಗುತ್ತಿದ್ದರು. ಒಳಗೆ ಗುಂಡಿ ಹಚ್ಚುತ್ತಿದ್ದ ಅವ್ವ ಪೂರ್ತಿ ಕೇಳಿದ್ದಳು.

ಓಟು ಯಾರಿಗೆ ಎಂಬ ಮಾತಿಲ್ಲದೆ ನಮ್ಮಿಬ್ಬರ ನಡುವೆ ಕಾಗದ ಓಡಾಡಿದ್ದುಂಟೇ? ಈ ಸಲ ಚುನಾವಣೆಗೆ ನಿಂತ ಚಿದಾನಂದಪ್ಪ ನಿನಗೆ ಗೊತ್ತು, ಬಳ್ಳಾರಿ ಸತ್ಯನಾರಾಯಣಪೇಟೆಯ ವಕೀಲ. ಅವನ ಕೋಟಿನ ಕಾಲರನ್ನು ನಾನೇ ಮಗುಚಿ ಹೊಲಿದುಕೊಟ್ಟಿದ್ದೇನೆ, ಹೊಸದು ಹೊಲಿಸುವ ಪೈಕಿ ಅಲ್ಲ. ಕೈ ಶುದ್ಧ, ತಲೆ ಚುರುಕು, ಮಾತು ಒಣಕಲು. ಅವನೆದುರು ಮಿಲ್ಲಿನ ಹಾಲಸಿದ್ದಪ್ಪ. ಯಾರ ಎಮ್ಮೆ ಯಾವಾಗ ಕರು ಹಾಕಿತು ಎಂಬುದೂ ಅವನಿಗೆ ನೆನಪಿರುತ್ತದೆ. ಅವನ ಮಾತು ಕೇಳುತ್ತಿದ್ದರೆ ಹಸಿವು ಮರೆಯುತ್ತದೆ. ಅವನ ಮಿಲ್ಲಿನ ಹಿಂದಿನ ಗೇಟಿನಿಂದ ಗಡಿಯಾಚೆ ಹೊರಡುವ ಲಾರಿ ನೋಡಿದರೆ ಮತ್ತೆ ಶುರುವಾಗುತ್ತದೆ. ಆ ಕಾನೂನು ಬಿಗಿಯಾಗಿರಲಿ ಎನ್ನುವ ಚಿದಾನಂದಪ್ಪನ ಪರ ನಾನು ಊರೂರು ತಿರುಗಿದೆ. ಕುರುಗೋಡಿನ ನಮ್ಮ ಬೀಗರು ‘ಟೇಲರ್ ಮಾಮಾಗ ಹುಚ್ಚು ಹಿಡದೈತಿ’ ಅಂದರು. ಅನ್ನಲಿ.

ಪೇಟೆಯಲ್ಲಿ ಚಿದಾನಂದಪ್ಪನ ಸಭೆ ನಡೆದಾಗ ನಾನು ಎದ್ದು ನಿಂತು ಒಂದೇ ಮಾತು ಕೇಳಿದೆ. ಕಾನೂನು ಇರಲಿ ಸ್ವಾಮಿ, ತಾಯಿ ಮಗಳಿಗೆ ಒಯ್ಯುವ ಉಡಿಯಕ್ಕಿಗೆ ಮಾತ್ರ ಒಂದು ಸಾಲು ವಿನಾಯಿತಿ ಬರೆಸುತ್ತೀರಾ ಎಂದೆ. ಚಿದಾನಂದಪ್ಪ ಕನ್ನಡಕ ತೆಗೆದು, ‘ಇವತ್ತು ಉಡಿಗೆ ಬಿಟ್ರ ನಾಳೆ ಒಂದೊಂದು ಲಾರಿನೂ ಬಸುರಾಗತೈತ್ರಿ’ ಎಂದು ನಕ್ಕ. ಸಭೆ ಗೊಳ್ಳೆಂದಿತು. ಹೆಂಗಸರ ಸಾಲಿನಲ್ಲಿ ಅವ್ವ ಸೆರಗು ಮುಂದಕ್ಕೆ ಎಳೆದುಕೊಂಡಳು. ಅವನು ಹೇಳಿದ್ದು ಸುಳ್ಳಲ್ಲ, ನಮ್ಮ ಜನ ಹಾಗೆ ಮಾಡುವವರೇ. ಇಲ್ಲ ಎನ್ನಲಿ, ಅದಕ್ಕೆ ಅವನಿಗೆ ಹಕ್ಕಿದೆ. ನಗಬಾರದಾಗಿತ್ತು. ಅವತ್ತು ನನ್ನ ಎದೆ ಒಡೆಯಿತು ಶಿವವ್ವಾ, ಸುಳ್ಳು ಹೇಳುವುದಿಲ್ಲ.

ಮರುದಿನವೇ ಹಾಲಸಿದ್ದಪ್ಪ ಕಾರು ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದ. ‘ಹತ್ತಬೇ ಯವ್ವಾ, ನನ್ನ ಗಾಡಿ ತಡಿಯೋನು ಇನ್ನಾ ಹುಟ್ಟಿಲ್ಲ. ಸಂಜಿಗೆ ಮಗಳ ಉಡಿ ತುಂಬಿ ಬರಾಣು’ ಅಂದ. ನಿಜ ಹೇಳಲೇ? ಅವ್ವ ಹತ್ತಿಬಿಡಲಿ ಎಂದೇ ನನಗನ್ನಿಸಿತ್ತು. ಅವಳು, ‘ಕಳ್ಳದಾರ್ಯಾಗ ಹೋದ ಅಕ್ಕಿ ನನ್ನ ಮಗಳ ಉಡ್ಯಾಗ ಬ್ಯಾಡಪ್ಪ. ಚಾ ಕುಡದು ಹೋಗು’ ಅಂದಳು. ಅವನು ಚಹಾ ಕುಡಿದು, ಅಪ್ಪನ ಕಾಲಿಗೆ ನಮಸ್ಕಾರ ಮಾಡಿ ಹೋದ.

ಓಟಿನ ದಿನ ಅವಳಿಗೆ ಜ್ವರ. ಬೇಡ ಎಂದರೂ ಕೇಳದೆ ಬಂಡಿಯಲ್ಲಿ ಕಂಬಳಿ ಹೊದ್ದು ಹೋಗಿ ಓಟು ಹಾಕಿ ಬಂದಳು. ಯಾರಿಗೆ ಹಾಕಿದೆ ಎಂದು ಕೇಳಿದೆ. ‘ನಕ್ಕನಲ್ಲ, ಅವಗ ಹಾಕೀನಿ. ನಕ್ಕಿದ್ದು ಅವನ ತಪ್ಪು, ಕಾನೂನಿಂದಲ್ಲ’ ಅಂದಳು.

ಎಣಿಕೆಗೆ ಬಳ್ಳಾರಿಗೆ ಹೋಗಿದ್ದೆ. ಚಿದಾನಂದಪ್ಪ ಸೋತ. ಮಗುಚಿದ ಕಾಲರಿನ ಕೋಟು ಹೆಗಲ ಮೇಲೆ ಹಾಕಿಕೊಂಡು ಒಬ್ಬನೇ ನಡೆದು ಹೋದ. ಅಂದಿನಿಂದ ಗಡಿಯ ಚೆಕ್‌ಪೋಸ್ಟಿನಲ್ಲಿ ಕುರ್ಚಿ ಬಿಟ್ಟು ಏಳುವವರಿಲ್ಲ. ಬಸ್ಸಿನ ಮೇಲೆ ರಾಜಾರೋಷವಾಗಿ ಮೂಟೆ ಹೋಗುತ್ತಿವೆ. ದುರುಗಮ್ಮ ಮೊನ್ನೆ ರೇಶನ್ ಅಂಗಡಿಯಿಂದ ಖಾಲಿ ಚೀಲ ತಂದಳು.

ನಿಮ್ಮ ಅತ್ತೆ ಮಾವನವರಿಗೆ ನಮ್ಮೆಲ್ಲರ ಶರಣಾರ್ಥಿ ತಿಳಿಸು. ಹುಟ್ಟಲಿರುವ ಕೂಸಿಗೆ ಈ ಮಾವನ ಮುದ್ದು. ನೀನು ಗಟ್ಟಿಯಾಗಿರು.

ನಿನ್ನ ಅಣ್ಣ
ಕೊಟ್ರಬಸಪ್ಪ

ತಾ.ಕ.: ಶಿವವ್ವಾ, ಅವ್ವ ಮೊನ್ನೆ ಸೋಮವಾರ ಬೆಳಿಗ್ಗೆ ಲಿಂಗೈಕ್ಯಳಾದಳು. ಜ್ವರ ಎದೆಗೆ ಇಳಿದಿತ್ತು. ನಿನ್ನ ಯಜಮಾನರು ಮಣ್ಣಿಗೆ ಬಂದಿದ್ದರು. ಹೆರಿಗೆಯಾಗುವ ತನಕ ನಿನಗೆ ಹೇಳಬೇಡಿ ಎಂದು ನನ್ನ ಕೈ ಹಿಡಿದುಕೊಂಡರು. ಅವರ ಮೇಲೆ ಸಿಟ್ಟಾಗಬೇಡ, ನಿನ್ನ ಒಳ್ಳೆಯದಕ್ಕೇ ಅಂದದ್ದು. ಆದರೆ ಯಾರೂ ಒತ್ತಿ ಕೇಳದಿದ್ದಾಗಲೂ ಎದ್ದು ಹೇಳಿದವಳ ಸುದ್ದಿಯನ್ನು ಮುಚ್ಚಿಡಲು ನನ್ನಿಂದಾಗಲಿಲ್ಲ. ನಮ್ಮಲ್ಲಿ ಸೂತಕವಿಲ್ಲ, ಬರುವ ಸೋಮವಾರ ನಾನೂ ನಿನ್ನ ಅತ್ತಿಗೆಯೂ ಬರುತ್ತೇವೆ. ಕುಬುಸ ಹೊಲಿದಿದ್ದೇನೆ. ಅಕ್ಕಿಯನ್ನು ಅವ್ವ ಹಾಸಿಗೆಯಲ್ಲೇ ಒರಗಿ ಕೂತು ಆರಿಸಿ ಗಂಟು ಕಟ್ಟಿಟ್ಟಿದ್ದಾಳೆ. ಗಡಿಯಲ್ಲಿ ಈಗ ಕೇಳುವವರಿಲ್ಲ. ಆದರೂ ‘ಕೇಳಲಿಲ್ಲಂದ್ರೂ ಹೇಳು’ ಎಂದು ಅವ್ವ ಅತ್ತಿಗೆಯಿಂದ ಮಾತು ತೆಗೆದುಕೊಂಡು ಹೋಗಿದ್ದಾಳೆ, ನಾವು ಹೇಳುತ್ತೇವೆ. ಗಂಟು ಇಳಿಸಿಕೊಂಡರೂ ಈ ಸಲ ಹಿಂದಿರುಗುವುದಿಲ್ಲ. ನೀನು ಸೆರಗು ಒಡ್ಡಿ ಬಾಗಿಲಲ್ಲಿ ನಿಂತಿರು. ಅತ್ತಿಗೆ ಬರಿಗೈಯಿಂದಲೇ ಉಡಿ ತುಂಬಿದರೂ ಬೇಡ ಅನ್ನಬೇಡ.