ನಮ್ಮ ಕಡೆಯ ಗಾಡಿ

ಟಿ. ದಾಸರಹಳ್ಳಿ, ಬೆಂಗಳೂರು
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಕಾಶವ್ವ ಅಕ್ಕನಿಗೆ ತಮ್ಮ ಸಿದ್ದಲಿಂಗನ ಶರಣು.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ನಿನ್ನ ಮೊಣಕಾಲು ಹೇಗಿದೆ? ಹದಿನೈದು ದಿನದಿಂದ ನೀನು ಫೋನು ಮಾಡಿದಾಗಲೆಲ್ಲ "ಕೆಲಸದಾಗ ಅದೀನಿ" ಎಂದು ಇಟ್ಟುಬಿಟ್ಟೆ, ತಪ್ಪಾಯಿತು. ಬಸುರಿ ಮಗಳು ಶಿವಾನಿಯ ಕುಬುಸಕ್ಕೆ ನಿನ್ನನ್ನು ಮನೆ ಬಾಗಿಲಿಂದಲೇ ಕಾರಿನಲ್ಲಿ ಕೂರಿಸಿಕೊಂಡು ಬರುತ್ತೇನೆಂದು ಜಂಬ ಕೊಚ್ಚಿದವನು ನಾನೇ. ನೀನು ಓಣಿಗೆಲ್ಲ ಹೇಳಿಯೂ ಆಗಿದೆಯಂತೆ. ಆ ಕಾರು ಬರುವುದಿಲ್ಲ ಅಕ್ಕ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಬೈಯಲು ಶುರು ಮಾಡುತ್ತೀ, ಅದಕ್ಕೇ ಕಾಗದ. ಪೂರ್ತಿ ಓದಿ ಆಮೇಲೆ ಬೈ.

ನನ್ನ ಜೊತೆ ಫ್ಯಾಕ್ಟರಿಯಲ್ಲಿರುವ ಬಾಗಲಕೋಟೆ ಕಡೆಯ ಶಿವಪುತ್ರ ಮೊಬೈಲಿನಲ್ಲಿ ಹಳೇ ಕಾರುಗಳ ಹರಾಜು ತೋರಿಸಿದ. ನೂರಾರು ಗಾಡಿ. ಯಾವುದೂ ಮನಸ್ಸಿಗೆ ಬರಲಿಲ್ಲ. ಅಷ್ಟರಲ್ಲಿ ಒಂದು ಬಿಳಿ ಕಾರು ಬಂತು, ನಂಬರು ಕೆ.ಎ. ಇಪ್ಪತ್ತೆಂಟು. ನಮ್ಮ ವಿಜಯಪುರದ್ದು! ಮುಂದಿನ ಗಾಜಿನೊಳಗೆ ಮೂರು ಬೆರಳಿನ ವಿಭೂತಿ ಬೇರೆ. ಈ ಊರಿನಲ್ಲಿ ಇಪ್ಪತ್ತೆರಡು ವರ್ಷ ಇದ್ದರೂ ರಸ್ತೆಯಲ್ಲಿ ಇಪ್ಪತ್ತೆಂಟರ ಗಾಡಿ ಕಂಡರೆ ಈಗಲೂ ತಿರುಗಿ ನೋಡುವವನು ನಾನು. ಅಲ್ಲಿಗೆ ನನ್ನ ಬುದ್ಧಿ ಮುಗಿಯಿತು.

ಬಿಡ್ ಹಾಕುವ ಮೊದಲು ಎರಡು ದಿನ ಗಾಡಿಯನ್ನು ಹರಾಜಿನವರ ಮಾಕಳಿ ಯಾರ್ಡಿಗೆ ಹೋಗಿ ನೋಡಬಹುದಿತ್ತು. ನಾನು ಹೋಗಲಿಲ್ಲ. ನಮ್ಮ ಕಡೆಯವರ ಗಾಡಿಗೆ ಪರೀಕ್ಷೆ ಮಾಡುವುದೇ ಎಂಬ ಠೇಂಕಾರ. ನಮ್ಮ ಮನೆಯಾಕೆ ಸರಳಾ ಅಂದೇ ಅಂದಳು: "ಬದನಿಕಾಯಿ ತಗೋಳಾಕ ಹತ್ತ ಸಲ ಹಿಚುಕಿ ನೋಡ್ತೀರಿ, ಗಾಡಿ ಮುಟ್ಟದನ ತಗೋತೀರೇನ್ರಿ?" ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕ್ಯಾಂಟೀನಿನಲ್ಲಿ ಕೂತು ಬಿಡ್ ಒತ್ತಿದೆ. ಯಾರೋ ಒಬ್ಬ ನಾನು ಏರಿಸಿದಂತೆ ಏರಿಸುತ್ತಲೇ ಇದ್ದ. "ಒತ್ತಲೇ, ನಮ್ಮ ಕಡಿ ಗಾಡಿ ಯಾರರ ಪಾಲಾಗತೈತಿ!" ಎಂದು ಶಿವಪುತ್ರ ಬೆನ್ನಿಗೆ ಗುದ್ದಿದ. ಒತ್ತಿದೆ. ಗೆದ್ದೆ. ಅಂದು ಊಟ ಕೂಡ ಸೇರಲಿಲ್ಲ, ಅಷ್ಟು ಖುಷಿ.

ಬಾಕಿ ಹಣ ಕಟ್ಟಿ ಗಾಡಿ ತರಲು ಎರಡು ವಾರದ ಹಿಂದಿನ ಭಾನುವಾರ ಮಾಕಳಿಗೆ ಹೋದೆವು. ತೆಂಗಿನಕಾಯಿ, ನಿಂಬೆಹಣ್ಣು, ಕುಂಕುಮ ಎಲ್ಲ ಸರಳಾಳ ಚೀಲದಲ್ಲಿತ್ತು. ಓಡಿಸಿಕೊಂಡು ಬರಲಿ ಎಂದು ನಮ್ಮ ಬೀದಿಯ ಮೆಕ್ಯಾನಿಕ್ ದಸ್ತಗೀರ್ ಅವರನ್ನು ಕರೆದುಕೊಂಡಿದ್ದೆ. ನಾನು ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಬಗ್ಗಿದರೆ ಅವರು ತಡೆದರು: "ಒಂದ್ ನಿಮಿಷ ತಡೀರಿ ಸಾರ್, ಪೂಜೆ ಆಮೇಲೆ ಮಾಡೋರಂತೆ."

ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದರು. ಮೇಲೆ ಹೊಸದರಂತಿದ್ದ ಪಟ್ಟಿ ಒಳಗೆ ಕಪ್ಪಗಾಗಿತ್ತು. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ತೆಗೆದರೆ ಅದರ ಗುಂಡಿಯಲ್ಲಿ ಒಣಗಿ ಬಿರುಕು ಬಿಟ್ಟ ಎರೆಮಣ್ಣು. ಇಲ್ಲಿಯ ಕೆಂಪು ಮಣ್ಣಲ್ಲ ಅಕ್ಕ, ನಮ್ಮದೇ. ಹೊಳೆ ಬಂದಾಗ ಮುಳುಗಿದ ಗಾಡಿ. ಒಂದು ಹೆಂಟೆ ಕೈಗೆ ತೆಗೆದುಕೊಂಡು ನಾನು ಪೆದ್ದನಂತೆ ನಿಂತುಬಿಟ್ಟೆ. ಸಿಟ್ಟು ಬರಬೇಕಿತ್ತು, ಕಣ್ಣಲ್ಲಿ ನೀರು ಬಂತು.

"ವೈರಿಂಗ್ ಎಲ್ಲ ಒಳಗೇ ಕೊಳೀತಾ ಇರತ್ತೆ ಕಣ್ರೀ," ಎಂದರು ದಸ್ತಗೀರ್. "ಹೈವೇಲಿ ಹೋಗ್ತಾ ಆಫ್ ಆದ್ರೆ ಸ್ಟೇರಿಂಗೂ ತಿರುಗಲ್ಲ, ಬ್ರೇಕೂ ಹಿಡಿಯಲ್ಲ. ಹಿಂದೆ ಲಾರಿ ಇದ್ರೆ ಮುಗೀತು."

ಆ ಹಿಂದಿನ ಸೀಟಿನಲ್ಲಿ ನೀನು ಕೂತಿರುತ್ತಿದ್ದೆ.

ಯಾರ್ಡಿನವನು, "ಇದ್ದದ್ದು ಇದ್ದ ಹಾಗೇ ತಗೋಬೇಕು ಸಾರ್, ಕಂಡೀಷನ್ ಓದಿಲ್ವಾ?" ಎಂದ. ನಾನು ಓದಿರಲಿಲ್ಲ. ಸರಳಾ ಓದಿದ್ದಳು. ಮೊಬೈಲಿನಲ್ಲಿ ಅದನ್ನೇ ತೆರೆದು ಅವನ ಮೂಗಿನ ಮುಂದೆ ಹಿಡಿದು, "ನೀರು ಹೊಕ್ಕಿಲ್ಲ ಅಂತ ನಿಮ್ಮ ವರದಿಯೊಳಗ ಬರದೀರಲ್ಲ, ಇದನ್ನೂ ನೀವ ಓದ್ರಿ," ಎಂದಳು. ಆ ಮೇಲೆ ಹದಿನೈದು ದಿನ ಫೋನು, ಫೋಟೋ, ದೂರು. ನಿನ್ನೆ ಬಿಡ್ ರದ್ದಾಗಿ ಮುಂಗಡ ವಾಪಸ್ ಬಂತು. ರಾತ್ರಿ ಸರಳಾ ಹೋಳಿಗೆ ಮಾಡಿದಳು. ಕಾರು ಬಂದಿದ್ದರೂ ಇಷ್ಟು ಸಮಾಧಾನ ಆಗುತ್ತಿರಲಿಲ್ಲ.

ಈಗ ಕೇಳು. ಇಪ್ಪತ್ತೇಳನೇ ತಾರೀಖು ಗುರುವಾರ ನಾನೇ ಬರುತ್ತೇನೆ. ವಿಜಯಪುರದಿಂದ ಯಶವಂತಪುರಕ್ಕೆ ರೈಲಿನಲ್ಲಿ ನಿನಗೆ ಕೆಳಗಿನ ಬರ್ತು ಸಿಕ್ಕಿದೆ. ಬಸ್ಸಿನ ಕಾಟವಿಲ್ಲ, ಕಾಲು ಚಾಚಿ ಮಲಗಿ ಬಾ. ಸೋದರತ್ತೆ ಉಡಿ ತುಂಬದೆ ಕೂರುವುದೇ ಇಲ್ಲ ಎಂದು ಶಿವಾನಿ ಹಠ ಹಿಡಿದಿದ್ದಾಳೆ. ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ, ನಿನ್ನದು ನಮ್ಮೆಲ್ಲರ ಮೇಲಿರಲಿ.

ನಿನ್ನ ತಮ್ಮ,
ಸಿದ್ದಲಿಂಗ

ತಾ.ಕ.: ಇದನ್ನು ಬರೆಯಲೋ ಬೇಡವೋ ಎಂದು ಲಕೋಟೆ ಅಂಟಿಸದೆ ಇಟ್ಟಿದ್ದೆ. ಭಾವ ತೀರಿಕೊಂಡ ದಿನ ಹಿರಿಯೂರಿನ ಹತ್ತಿರ ಬಸ್ಸು ಕೆಟ್ಟು ನಿಂತಿತು, ಅದಕ್ಕೇ ಮಣ್ಣಿಗೆ ಬರಲಾಗಲಿಲ್ಲ ಎಂದು ನಿನಗೆ ಹೇಳಿದ್ದೆ. ಬಸ್ಸು ಕೆಟ್ಟಿರಲಿಲ್ಲ ಅಕ್ಕ. ನಾನು ಬಸ್ಸು ಹತ್ತಿರಲೇ ಇಲ್ಲ. ಆಗಿನ್ನೂ ಕಾಂಟ್ರ್ಯಾಕ್ಟಿನಲ್ಲಿದ್ದೆ, ರಜೆ ಕೇಳಿದರೆ ಪರ್ಮನೆಂಟ್ ಮಾಡುವುದಿಲ್ಲವೇನೋ ಎಂದು ಹೆದರಿ ಸಂಜೆಯ ತನಕ ಮಷಿನ್ ಮುಂದೆ ನಿಂತಿದ್ದೆ. ಎಂಟು ವರ್ಷದಿಂದ ನೀನು ಬಂದವರಿಗೆಲ್ಲ, "ನನ್ನ ತಮ್ಮಗ ಒಂದು ಗಾಡಿ ಇದ್ದಿದ್ರ ಅಂವ ಓಡಿ ಬರತಿದ್ದ" ಅನ್ನುತ್ತೀಯಂತೆ. ಅದನ್ನು ಕೇಳಿ ಕೇಳಿಯೇ ನಾನು ಗಾಡಿ ಹುಡುಕಲು ಹೊರಟಿದ್ದು. ಇನ್ನು ಮೇಲೆ ಹಾಗೆ ಅನ್ನಬೇಡ. ಗುರುವಾರ ಬಂದು ಬಾಗಿಲಲ್ಲಿ ನಿಲ್ಲುತ್ತೇನೆ, ಒಳಗೆ ಕರಿ.