ಅರ್ಧ ಮಾತ್ರೆಯ ಮಾವನಿಗೆ

ಮಗಳ ಮನೆ ಸೇರಿಕೊಂಡು, ನನ್ನ ಫೋನು ಬಂದರೆ ಸ್ನಾನಕ್ಕೆ ಹೋಗಿಬಿಡುವ ನನ್ನ ಮಾವನವರಿಗೆ, ನಿಮ್ಮ ಡ್ರೈವರ್ ಸೊಸೆಯ ನಮಸ್ಕಾರಗಳು.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಕೊನೆಯ ಸಾಲಿಗೆ ಹಾರುತ್ತೀರಿ. ನಾನು ಗೆದ್ದೆ! ನಿನ್ನೆ ಡಿಪೋದ ವೈದ್ಯರು ನನ್ನ ರಕ್ತ ಪರೀಕ್ಷೆಯ ವರದಿ ನೋಡಿ, ನಾಡಿ ಹಿಡಿದು, ಕಣ್ಣು ಪರೀಕ್ಷಿಸಿ, ಬಸ್ ಓಡಿಸಬಹುದು ಎಂದು ಬರೆದುಕೊಟ್ಟರು. ಸೋಮವಾರದಿಂದ ಸ್ಟೇರಿಂಗ್ ಮತ್ತೆ ನನ್ನ ಕೈಗೆ. ಡಿಪೋದ ಅಂಗಳದಲ್ಲಿ ನಾನು ಒಂದು ಸುತ್ತು ಕುಣಿದೇಬಿಟ್ಟೆ. ಬಸ್ ತೊಳೆಯುತ್ತಿದ್ದವರು ಪೈಪು ಹಿಡಿದುಕೊಂಡೇ ನಕ್ಕರು, ಒಬ್ಬನ ಪ್ಯಾಂಟು ಪೂರ್ತಿ ನೆನೆಯಿತು.

ನಾನು ಹೇಗಿದ್ದೆ ಎಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಬೇಸಿಗೆಯಲ್ಲೂ ಸ್ವೆಟರ್, ಬಾಚಣಿಗೆ ತುಂಬ ಕೂದಲು, ಕುರ್ಚಿಯಿಂದ ಏಳಬೇಕಾದರೆ ಮೇಜಿಗೆ ಕೈ ಊರಬೇಕು. ಒಂದು ದಿನ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂದು, ಹೋಗಿ, ಮತ್ತೆ ಕೆಂಪಾದರೂ ನಾನು ಮಂಕು ಕವಿದವಳಂತೆ ಕುಳಿತೇ ಇದ್ದೆ. ಹಿಂದೆ ಬಸ್ ತುಂಬ ಜನ. ಆ ಟ್ರಿಪ್ ಮುಗಿಸಿದವಳೇ ಡಿಪೋಗೆ ಹೋಗಿ, "ನನಗೆ ಏನೋ ಆಗಿದೆ, ಗಾಡಿ ಕೊಡಬೇಡಿ" ಎಂದೆ. ಅವರು ನನ್ನನ್ನು ಪ್ರಯಾಣಿಕರು ಮರೆತುಹೋದ ಕೊಡೆ, ಊಟದ ಡಬ್ಬಿಗಳನ್ನು ಕಾಯುವ ಕಿಟಕಿಯಲ್ಲಿ ಕೂರಿಸಿದರು. ಥೈರಾಯ್ಡ್ ಗ್ರಂಥಿಯ ಕೆಲಸ ನಿಧಾನವಾಗಿದೆ ಎಂದು ಡಾಕ್ಟರಮ್ಮ ಐವತ್ತು ಮೈಕ್ರೋಗ್ರಾಮಿನ ಮಾತ್ರೆ ಬರೆದರು.

ಕೆಲವು ವಾರ ಮಾತ್ರೆ ನುಂಗಿದ ಮೇಲೆ ಬಂತು ನೋಡಿ ನಮ್ಮಿಬ್ಬರ ಆ ವರದಿ. ಟಿಎಸ್‌ಎಚ್ ಎಂಬ ಅಂಕಿ ಹನ್ನೊಂದು, ಇರಬೇಕಾದದ್ದು ಹೆಚ್ಚೆಂದರೆ ನಾಲ್ಕರ ಆಸುಪಾಸು. ದಪ್ಪ ಅಕ್ಷರ, ಪಕ್ಕದಲ್ಲಿ ಮೇಲಕ್ಕೆ ಮುಖ ಮಾಡಿದ ಬಾಣ. ಡಾಕ್ಟರಮ್ಮ ಊರಲ್ಲಿರಲಿಲ್ಲ. ಇಡೀ ಡಿಪೋ ಯಾರನ್ನು 'ಇಂಜಿನ್ ಡಾಕ್ಟರ್' ಎಂದು ಕರೆಯುತ್ತಿತ್ತೋ ಆ ನೀವು ಕನ್ನಡಕ ಏರಿಸಿಕೊಂಡಿರಿ. "ಮೀಟರಿನ ಮುಳ್ಳು ಮೇಲಕ್ಕೆ ಹೋಗಿದೆ ಕಣಮ್ಮ. ಥೈರಾಯ್ಡ್ ಜಾಸ್ತಿಯಾಗಿದೆ. ಡೀಸೆಲ್ ಜಾಸ್ತಿ ಬಿಟ್ರೆ ಇಂಜಿನ್ ಹೀಗೇ ಮಾಡೋದು. ಮಾತ್ರೆ ಅರ್ಧ ಮಾಡೋಣ" ಎಂದಿರಿ. ಶಬ್ದ ಕೇಳಿಯೇ ಗಾಡಿಯ ಕಾಯಿಲೆ ಹೇಳುತ್ತಿದ್ದವರ ಮಾತನ್ನು ಹೇಗೆ ತೆಗೆದುಹಾಕಲಿ? ದಿನಾ ಬೆಳಿಗ್ಗೆ ನೀವು ಬ್ಲೇಡಿನಿಂದ ಮಾತ್ರೆ ಕತ್ತರಿಸಿ, ಪುಡಿಯೂ ಉದುರದ ಹಾಗೆ ತಟ್ಟೆಯಲ್ಲಿಟ್ಟು ಕೊಡುತ್ತಿದ್ದಿರಿ. ನಾನು ನುಂಗುತ್ತಿದ್ದೆ.

ಮುಂದಿನ ಪರೀಕ್ಷೆಯಲ್ಲಿ ಹನ್ನೊಂದು ಇಪ್ಪತ್ತೆರಡಾಗಿತ್ತು. ಡಾಕ್ಟರಮ್ಮ ಡೋಸ್ ಏರಿಸಲು ಪೆನ್ನು ಎತ್ತಿದವರು, "ದಿನಾ ತಪ್ಪದೆ ತಗೋತಿದ್ದೀರಾ?" ಎಂದರು. "ಅರ್ಧ" ಎಂದೆ. ಪೆನ್ನು ಕೆಳಗಿಟ್ಟರು. ಯಾಕೆಂದು ಹೇಳಿದ ಮೇಲೆ ಅವರು ಕೇಳಿದ್ದು ಇಷ್ಟೇ: "ನೀವು ಡ್ರೈವರ್ ತಾನೆ? ಮುಂದಿನ ಗಾಡಿ ಕದಲದೇ ಇದ್ರೆ ಏನ್ ಮಾಡ್ತೀರಾ?"

"ಹಾರ್ನ್ ಹೊಡೀತೀನಿ."

"ಟಿಎಸ್‌ಎಚ್ ಅಂದ್ರೆ ಆ ಹಾರ್ನ್. ಮೆದುಳಿನ ಬುಡದಲ್ಲಿರೋ ಪುಟ್ಟ ಗ್ರಂಥಿ ಥೈರಾಯ್ಡಿಗೆ ಹೊಡೆಯೋದು. ಥೈರಾಯ್ಡ್ ನಿಧಾನ ಆದಷ್ಟೂ ಹಾರ್ನ್ ಜೋರು. ನಿಮಗೆ ಮಾತ್ರೆ ಜಾಸ್ತಿ ಆಗಿರ್ಲಿಲ್ಲ, ಸಾಲ್ತಿರ್ಲಿಲ್ಲ."

ನಾನು ಮನೆಗೆ ಬಂದು ಇದನ್ನು ನಗುನಗುತ್ತಲೇ ಹೇಳಿದೆ. ನೀವು ನಗಲಿಲ್ಲ, ನಿಮ್ಮ ಕೈಗಳನ್ನೇ ನೋಡಿಕೊಂಡಿರಿ. ಮರುದಿನ ಅಡುಗೆಮನೆಯಲ್ಲಿ ಬ್ಲೇಡೂ ಇಲ್ಲ, ಹಜಾರದಲ್ಲಿ ನಿಮ್ಮ ಚೀಲವೂ ಇಲ್ಲ. "ನನ್ನ ಕೈ ಇನ್ನು ಅವಳ ಔಷಧಿ ಮುಟ್ಟಬಾರದು" ಎಂದು ಮಗನಿಗೆ ಹೇಳಿ ಹೋದಿರಂತೆ. ಮಾವ, ಆ ಮಾತಿಗೆ ನನಗೆ ಅಳು ಬಂತು, ಕೋಪವೂ ಬಂತು. ಕೋಪ ಇನ್ನೂ ಪೂರ್ತಿ ಇಳಿದಿಲ್ಲ.

ಆಮೇಲೆ ಆದದ್ದನ್ನು ಕೇಳಿ. ಖಾಲಿ ಹೊಟ್ಟೆಯಲ್ಲಿ ಇಡೀ ಮಾತ್ರೆ, ಬರೀ ನೀರು. ಕಾಫಿಗೆ ಒಂದು ಗಂಟೆ ಕಾಯಬೇಕು. ವಾರಕ್ಕೇ ಪರೀಕ್ಷೆ ಮಾಡಿ ಎಂದು ನಾನು ಜೀವ ತಿಂದರೆ, ರಕ್ತದಲ್ಲಿ ಔಷಧಿ ನೆಲೆಯಾಗಲು ಆರು ವಾರವಾದರೂ ಬೇಕು ಎಂದರು ಡಾಕ್ಟರಮ್ಮ. ಆಗ ನೆನಪಾದದ್ದು ನೀವೇ. ಹೊಸ ಬ್ರೇಕ್ ಲೈನಿಂಗ್ ಹಾಕಿದ ದಿನ, "ಕೂತ್ಕೊಳ್ಳೋಕೆ ಟೈಮ್ ಕೊಡಮ್ಮ, ಅವಸರ ಮಾಡಿ ಒತ್ತಬೇಡ" ಎನ್ನುತ್ತಿದ್ದಿರಲ್ಲ, ಹಾಗೆಯೇ ಹಲ್ಲು ಕಚ್ಚಿ ಕಾದೆ. ಏಳಕ್ಕೆ ಇಳಿಯಿತು. ಡೋಸ್ ಎಪ್ಪತ್ತೈದಾಯಿತು. ಮತ್ತೆ ಕಾದೆ. ಈಗ ಎರಡು! ದಪ್ಪ ಅಕ್ಷರವಿಲ್ಲ, ಬಾಣವಿಲ್ಲ. ಹಾರ್ನ್ ತೀರಾ ಅಡಗಿಹೋದರೆ ಮಾತ್ರೆ ಜಾಸ್ತಿಯಾಗಿದೆ ಎಂದರ್ಥ, ಎದೆ ಹೊಡೆದುಕೊಳ್ಳುತ್ತದೆ, ಆಗ ಡೋಸ್ ಇಳಿಸುವುದು ಡಾಕ್ಟರಮ್ಮನ ಕೆಲಸ. ನೋಡಿ, ನಿಮ್ಮ ಡೀಸೆಲ್ ಲೆಕ್ಕವೂ ಪೂರ್ತಿ ಸುಳ್ಳಲ್ಲ, ಮುಳ್ಳು ಮಾತ್ರ ತಲೆಕೆಳಗು.

ನಾನು ಈ ಮನೆಗೆ ಬಂದ ಹೊಸತರಲ್ಲಿ, ಬಸ್ ಓಡಿಸುತ್ತೇನೆ ಎಂದಾಗ ನಿಮ್ಮ ಮಗನೇ ಕಣ್ಣು ಕಣ್ಣು ಬಿಟ್ಟಿದ್ದರು. ಪಾಪ, ಅವರಿಗೆ ಸೈಕಲ್ಲಿಗೆ ಗಾಳಿ ಹೊಡೆಯಲೂ ಬಾರದು. ನೀವು ಮಾತ್ರ ಭಾನುವಾರಗಳಲ್ಲಿ ಡಿಪೋದ ಹಿಂದಿನ ಬಯಲಿಗೆ ಕರೆದೊಯ್ದು, ಹಳೇ ಬಸ್ಸಿನಲ್ಲಿ ಪಕ್ಕ ನಿಂತು ಕಲಿಸಿದಿರಿ. ನಾನು ಗೋಡೆಗೆ ಗುದ್ದಿ ಬಂಪರ್ ಹಾಳು ಮಾಡಿದ ದಿನ ಏನೆಂದಿರಿ? "ಗುದ್ದಿದೋರಿಗೇ ಗಾಡಿ ಅಳತೆ ಗೊತ್ತಾಗೋದು. ಹತ್ತಮ್ಮ, ಇನ್ನೊಂದು ರೌಂಡ್." ಗೋಡೆಗೆ ಗುದ್ದಿದವಳನ್ನು ಕೆಳಗಿಳಿಸದ ನೀವು, ಅರ್ಧ ಮಾತ್ರೆಗೆ ನಿಮ್ಮನ್ನೇ ಇಳಿಸಿಕೊಂಡರೆ ನಾನು ಒಪ್ಪುವುದಿಲ್ಲ. ನನಗೆ ನೀವು ಬೇಕು. ಮಾತ್ರೆ ನಾನೇ ನುಂಗುತ್ತೇನೆ. ನೀರಿನ ಲೋಟ ನೀವೇ ಕೊಡಬೇಕು.

ಈ ಪತ್ರವನ್ನು ನಿಮ್ಮ ಮಗನ ಕೈಯಲ್ಲೇ ಕಳಿಸುತ್ತಿದ್ದೇನೆ, ತಲುಪಲಿಲ್ಲ ಎನ್ನುವ ಹಾಗಿಲ್ಲ. ಸೋಮವಾರದ ಮೊದಲ ಟ್ರಿಪ್ ನನ್ನದು. ರೂಟ್ ಯಾವುದು ಎಂದು ಕೇಳಿದಾಗ ನಿಮ್ಮ ಮಗಳ ಮನೆಯೆದುರಿನ ಸ್ಟಾಪ್ ಇರುವುದನ್ನೇ ಬೇಡಿ ಪಡೆದೆ. ನನ್ನ ಹಿಂದಿನ ಸೀಟು ನಿಮಗೆ. ಚೀಲ ಹಿಡಿದು ನಿಂತಿರಿ. ಕಾಣಿಸದಿದ್ದರೆ ಒಂದು ಸಲ ಮೆಲ್ಲಗೆ ಹಾರ್ನ್ ಹೊಡೆಯುತ್ತೇನೆ. ಆಗಲೂ ಕದಲದಿದ್ದರೆ, ನೀವು ನಿಧಾನ ಮಾಡಿದಷ್ಟೂ ಅದು ಜೋರಾಗುತ್ತದೆ ಮಾವ, ಬೀದಿಯೆಲ್ಲ ಎದ್ದು ಕೂರುವಷ್ಟು.

ನಿಮ್ಮ ಆಶೀರ್ವಾದ ನನ್ನ ಸೀಟಿನ ಹಿಂದಿನಿಂದಲೇ ಬರಲಿ, ನಿಮಗೆ ದಾರಿಯುದ್ದಕ್ಕೂ ಹಸಿರು ದೀಪವೇ ಸಿಗಲಿ.

ಇಂತು,
ಇಡೀ ಮಾತ್ರೆಯ ಸೊಸೆ