ಹದಿಮೂರು ಟನ್ನಿನ ಆಣಿ

3-6-24, ಸೋಮವಾರ, ಬೆಳಿಗ್ಗೆ

ಯಾರದು ಇದನ್ನ ತೆಗೆದು ಓದಾದು? ನಾಚಿಕಿ ಐತೇನು? ನೋಟ್‌ಬುಕ್ಕು ಮೊಮ್ಮಗಳದು ಖರೆ, ಬರಿಯಾಕಿ ನಾನು, ಶಿವಬಸಮ್ಮ. ಮೂರನೇ ಇಯತ್ತೆ ತನಕ ಸಾಲಿ ಕಲ್ತ ಕೈ. ಅಕ್ಷರ ವಂಕ ಅಂತ ನಗಬ್ಯಾಡ. ಮುಚ್ಚು.

ರೊಟ್ಟಿ ಬಡದಾತು. ಕೊಟ್ಟೂರಪ್ಪಗ ಕಾಯಿ ಒಡಿಸಿಕೊಂಡು ಬಂದೆ. ಬಂದ್ರ ಹಗರಿಬೊಮ್ಮನಹಳ್ಳಿಯಿಂದ ತಂಗಿ ಹಂಪಕ್ಕನ ಫೋನು. ಆಕಿ ಮಗ ಪಾಲಾಕ್ಷ ಹೊಸಾ ಲಾರಿ ತಂದಾನ.

"ಅಕ್ಕಾ, ಹಿಂದಿನ ಆಕ್ಸಲ್ಲು ಹದಿಮೂರು ಟನ್ ತಡೀತೈತಂತ!"

ಆಕ್ಸಲ್ ಅಂದ್ರೇನಂತ ಆಕಿಗೇನು ಗೊತ್ತು. ನನಗ ಗೊತ್ತು — ಬಂಡಿಗೆ ಅಚ್ಚಿದ್ದಂಗ. ಆದ್ರೂ... ಎದಿಯಾಗ ಹಸಿಮೆಣಸಿನಕಾಯಿ ಅರದಂಗಾತು. ನನ್ನ ಮಗ ಅಮರೇಶನೂ ಈ ತಿಂಗಳೇ ಲಾರಿ ಬುಕ್ ಮಾಡಾಂವ. ನೋಡೋಣ.

4-6

ಅಮರೇಶ ಹತ್ತು ಟನ್ನಿನ ಆಕ್ಸಲ್ಲಿಂದು ತಗೋತಾನಂತ. ಹತ್ತು! ಊಟ ಬಿಟ್ಟೆ.

"ಅವ್ವಾ, ನಾವು ಹೇರೋದು ಮಂಡಕ್ಕಿ. ಸೀಸನ್ನಿಗೆ ಮೆಕ್ಕಿಜೋಳ. ಭರ್ತಿ ಜೋಳ ಹಾಕಿದ್ರೂ ಹಿಂದಿನ ಗಾಲಿ ಮ್ಯಾಲ ಒಂಬತ್ತು ದಾಟಂಗಿಲ್ಲ."

"ದೊಡ್ಡದಿದ್ರ ಹೆಚ್ಚಿಗಿ ಹೇರಬೌದಲ್ಲ."

"ಲಾರಿ, ಮಾಲು ಕೂಡಿ ಇಷ್ಟೇ ಅನ್ನೋ ಪಾಸಿಂಗ್ ತೂಕ ಸರ್ಕಾರದ್ದು, ಅದು ಏರಂಗಿಲ್ಲ. ದೊಡ್ಡ ಆಕ್ಸಲ್ಲು ತಾನೇ ಭಾರ. ಅದರ ಭಾರದಷ್ಟು ಜೋಳ ಕಡಿಮಿ ಹಾಕಬೇಕು. ಡೀಸಲ್ ಬ್ಯಾರೆ ಕುಡೀತೈತಿ."

"ಪಾಲಾಕ್ಷಗ ಇಲ್ಲದ ಲೆಕ್ಕ ನಿನಗ್ಯಾಕೋ?"

ಎದ್ದು ಹೋದ.

6-6, ಗುರುವಾರ

ಅವನ ಕೈಯಾಗ ವಿಭೂತಿ ಗಟ್ಟಿ ಇಟ್ಟೆ. "ಹದಿಮೂರರದೇ ಅಂತ ಕೊಟ್ಟೂರಪ್ಪನ ಆಣಿ ಮಾಡು." ಗಟ್ಟಿ ಹಣಿಗೆ ಹಚ್ಚಿಕೊಂಡು ಆಣಿ ಮಾಡಿದ. ಸಂಜಿಕೆ ಬುಕ್ಕೂ ಮಾಡಿ ಬಂದ.

ಹಂಪಕ್ಕಗ ಫೋನ್ ಹಚ್ಚಿದೆ. ನಮ್ಮದೂ ಹದಿಮೂರು! ಆಮ್ಯಾಲ ಮೂರು ರೊಟ್ಟಿ ಉಂಡೆ.

22-6

ಬರಿಯಾಕ ಮನಸಾಗಿಲ್ಲ. ಮಗ ಮಾತಾಡವಲ್ಲ. ಉಣ್ಣತಾನ, ಏಳತಾನ. "ಅವ್ವಾ, ನೀರು" ಅಷ್ಟೇ.

26-6, ಬುಧವಾರ

ಹಂಪಕ್ಕ ಬಂದಿದ್ಲು. ಹೊಸಾ ಇಳಕಲ್ ಸೀರಿ, ತೋರಸಾಕಂತಲೇ. ನಮ್ಮ ಮಂಡಕ್ಕೀನೇ ಮುಕ್ಕುತ್ತಾ ಅಂದ್ಲು —

"ಪಾಲಾಕ್ಷ ಕಲ್ಲು ಕ್ರಷರಿನ ಜಲ್ಲಿ ತಗ್ಗು-ದಿನ್ನಿ ದಾರಿಯಾಗ ಹೊಡೀತಾನಕ್ಕ, ಅವನಿಗೆ ಹದಿಮೂರು ಬೇಕು. ನಿಮ್ಮದರಾಗ ಏನು ಹೇರತೀರಿ, ಗಾಳೀನಾ?"

ಸೊಸಿ ಪುಷ್ಪಲತಾ ಸೆರಗು ಬಾಯಿಗೆ ಹಿಡಕೊಂಡ್ಲು. ಕಂಡೆ. ಹಂಪಕ್ಕನ ಮುಂದಿನ ತಾಟು ಎತ್ತಿ ಒಳಗ ಇಟ್ಟೆ. ಇನ್ನೂ ಅರ್ಧ ಇತ್ತು. ಇರಲಿ.

27-6

ಅಮರೇಶ ಬಾಡಿಗಿ ಲಾರಿ ತಗೊಂಡು ಹರಪನಹಳ್ಳಿಗೆ ಹೋಗ್ಯಾನ. ಬುಕ್ ಮಾಡಿದ ಲಾರಿ ಇನ್ನೂ ಬಂದಿಲ್ಲ, ಅದರ ಆಕ್ಸಲ್ ಬದಲಿಸಾಕ ಮೂವತ್ತನೇ ತಾರೀಖಿನ ತನಕ ಟೈಮ್ ಐತಂತ.

"ಅವರು ಬದಲಿಸಂಗಿಲ್ರಿ ಅತ್ತಿ, ಆಣಿ ಮಾಡ್ಯಾರ. ನೀವೇ ಬಿಡಿಸಬೇಕು" ಅಂದ್ಲು ಪುಷ್ಪಲತಾ. ನನ್ನ ಮಗನ ಮನಸು ಈಕಿ ನನಗ ಹೇಳಿಕೊಡತಾಳ.

ಬಾಯಿಲೆ ಹೇಳಾಕ ಆಗವಲ್ದು. ಈ ಹಾಳಿ ಹರದು ಗೂಟಕ್ಕ ತೂಗಿದ ಅವನ ಅಂಗಿ ಕಿಸೇದಾಗ ಇಡತೀನಿ.

ಅಮರೇಶಾ, ಆಣಿ ಬಿಡಿಸೀನಿ. ಪಾಪ ಇದ್ರ ನನಗಿರಲಿ, ಕೊಟ್ಟೂರಪ್ಪನ ಹತ್ರ ನಾ ಮಾತಾಡತೀನಿ. ಹತ್ತರದು ತಗೋ. ಬದಲಿಸಿದ್ಯೋ ಇಲ್ಲೋ, ಮುಂದಿನ ತಿಂಗಳು ಹುಟ್ಟೋದ್ರೊಳಗ ನನ್ನ ಮುಂದ ಕುಂತು ಹೇಳು. ಬಾಯಿ ಬಿಟ್ಟು ಹೇಳು. ಹಂಪಕ್ಕ ಕೇಳಿದ್ರ ಮಾತ್ರ ಹದಿಮೂರು ಅಂತಲೇ...